ಹಗೇವಿಗೆ ಇಳಿಸದ ದೀಪ

ಕಳೆದ ತಿಂಗಳು ದೊಡ್ಡಗಾಜನೂರಿನಲ್ಲಿ ಬಂಧುಗಳೊಬ್ಬರ ಮನೆಗೆ ಪಾಯ ತೆಗೆಯುವಾಗ ಯಂತ್ರದ ಹಲ್ಲಿಗೆ ಸಿಕ್ಕ ಚಪ್ಪಡಿಯೊಂದು ಪಕ್ಕಕ್ಕೆ ಸರಿಯಿತು. ಕೆಳಗೆ ಬರೀ ಕತ್ತಲು. ಅದರೊಳಗಿಂದ ಒಂದು ವಾಸನೆ ಎದ್ದು ಬಂದಿತು. ಮುಗ್ಗಿದ ರಾಗಿ, ಕೊಳೆತ ಹುಲ್ಲು, ಎಷ್ಟೋ ವರ್ಷ ಗಾಳಿ ಕಾಣದ ಮಣ್ಣು... ಅದು ಹಗೇವು. ಕಿರಿದಾದ ಬಾಯಿ, ಅಗಲವಾದ ಹೊಟ್ಟೆಯ, ನೆಲದೊಳಗೆ ಧಾನ್ಯ ತುಂಬಿಡುವ ಗುಂಡಿ. ಕೆಲಸದ ಹುಡುಗರು ಫೋನಿಗೆ ದಾರ ಕಟ್ಟಿ, ಬೆಳಕು ಹೊತ್ತಿಸಿ, ಒಳಗೆ ಇಳಿಬಿಟ್ಟು ನೋಡುತ್ತಿದ್ದರು.

“ಲೈಟು ಉರೀತಾನೆ ಅದ ಕಣ್ಲಾ, ಇಳೀಬೋದು” ಎಂದು ಒಬ್ಬ ಲುಂಗಿ ಮೇಲೆ ಕಟ್ಟಿದ.

“ಇಳೀಬೇಡಿ!” ಎಂದು ನಾನು ಕೂಗಿದೆ. ನನ್ನ ದನಿ ಅಷ್ಟು ಜೋರಾಗಿ ಕೇಳಿ ಬಹಳ ಕಾಲವಾಗಿತ್ತು. ಆದರೆ ಆ ಮಾತು ನನ್ನದಾಗಿರಲಿಲ್ಲ, ಮೇಷ್ಟ್ರದು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಲ್ಲಿ ಓದು ಮುಗಿಸಿ ತಾಳವಾಡಿಗೆ ಮರಳಿದ್ದೆ. ಕೈಯಲ್ಲಿ ಪದವಿಯಿತ್ತು, ತಲೆಯಲ್ಲಿ ಕಾಲೇಜಿನ ಪ್ರಗತಿಪರ ಗೆಳೆಯರು ಕಲಿಸಿದ್ದ ಪ್ರಶ್ನೆಗಳಿದ್ದವು. ನಮ್ಮೂರ ಶಾಲೆಯ ಮೇಷ್ಟ್ರು ಆಗ ತಾನೇ ನಿವೃತ್ತರಾಗಿದ್ದರು. ಅವರ ಮನೆತನಕ್ಕೆ ಸೇರಿದ ಹಳೆಯ ಗೋದಾಮೊಂದನ್ನು ತೊಳೆದು ಸುಣ್ಣ ಹೊಡೆಸಿ, ಅದಕ್ಕೆ ವಸ್ತುಸಂಗ್ರಹಾಲಯವೆಂದು ಹೆಸರಿಟ್ಟಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರವು ರೈತರಿಂದ ವಸೂಲು ಮಾಡಿದ ಲೆವಿ ರಾಗಿಯನ್ನು ಅದೇ ಗೋದಾಮಿನಲ್ಲಿ ತುಂಬಿಸಿಡುತ್ತಿದ್ದರಂತೆ. ತಿಂಗಳಿಗೊಮ್ಮೆ ಸಂತೆಯ ದಿನ ಮಧ್ಯಾಹ್ನ ಅಲ್ಲಿ ಅವರು ಉಪನ್ಯಾಸ ಕೊಡುತ್ತಿದ್ದರು. ಸಂತೆಗೆ ಬಂದವರು ಚೀಲ, ಕೋಳಿ, ಹಗ್ಗದ ಸುರುಳಿಗಳ ಸಮೇತ ಬಂದು ಕೂರುತ್ತಿದ್ದರು.

ಯುದ್ಧವೆಂದರೆ ತೋಪು, ವಿಮಾನಗಳೆಂದೇ ತಿಳಿದಿದ್ದ ನಮಗೆ ಅವರು ಬೇರೊಂದು ಯುದ್ಧವನ್ನು ತೋರಿಸಿದರು. ಅಸ್ಸಾಮಿನ ರಸ್ತೆ ಕೆಲಸಕ್ಕೆ ಹೋದವನು ಬರೆಸಿ ಕಳಿಸಿದ ಕಾಗದ, ಸೀಮೆಎಣ್ಣೆಯ ಕಾರ್ಡು, ಬಟ್ಟೆಗೂ ರೇಷನ್ನು ಬಂದಾಗ ಕೊಡುತ್ತಿದ್ದ ಕಂಟ್ರೋಲಿನ ಒರಟು ಸೀರೆಯ ತುಂಡು. ಒಂದೇ ಸೀರೆಯಿದ್ದ ತಾಯಿ ಮಗಳಲ್ಲಿ ಒಬ್ಬಳು ಹೊರಗೆ ಹೋದಾಗ ಇನ್ನೊಬ್ಬಳು ಒಳಗೇ ಉಳಿಯುತ್ತಿದ್ದುದನ್ನು ಹೇಳುವಾಗ ಅವರು ಆ ತುಂಡನ್ನು ಮಡಿಚಿ ಮಡಿಚಿ ಇಡುತ್ತಿದ್ದರು. ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನ ಕಥೆಗೆ ಬಂದಾಗ ಮಾತ್ರ ನಗಿಸುತ್ತಿದ್ದರು. “ಹಾಸನೂರಿನ ಏರಿನಲ್ಲಿ ಬಸ್ಸು ಜನರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ, ಜನವೇ ಬಸ್ಸನ್ನು ಹತ್ತಿಸುತ್ತಿದ್ದರು.”

ಕೊನೆಗೆ ಸರಪಳಿ ಕಟ್ಟಿದ ಒಂದು ಕಬ್ಬಿಣದ ದೀಪವನ್ನು ಎತ್ತಿ ಹಿಡಿಯುತ್ತಿದ್ದರು. ಹಗೇವಿನ ಬಾಯಿ ತೆಗೆದು ಒಂದು ಹಗಲು ಹಾಗೇ ಬಿಡಬೇಕು. ಆಮೇಲೆ ಈ ದೀಪ ಇಳಿಸಬೇಕು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿಯಿದೆ, ಯಾರೂ ಇಳಿಯಬಾರದು. “ಇಳೀಬೇಡಿ!” ಎಂದು ಅವರು ಅಲ್ಲಿ ಒಮ್ಮೆ ದನಿಯೆತ್ತುತ್ತಿದ್ದರು. ಆಮೇಲೆ ತಗ್ಗಿದ ದನಿಯಲ್ಲಿ, “ಲೆವಿಯ ಕಾಲದಲ್ಲಿ ಒಂದು ಹಗೇವಿನಲ್ಲಿ ಒಬ್ಬನು ಸತ್ತ. ಕದಿಯಲು ಇಳಿದಿದ್ದನೆಂದು ದಾಖಲೆಯಿದೆ” ಎಂದು ಹೇಳಿ ದೀಪವನ್ನು ಮೇಜಿನ ಮೇಲಿಡುತ್ತಿದ್ದರು. ಉಪನ್ಯಾಸ ಅಲ್ಲಿಗೆ ಮುಗಿಯುತ್ತಿತ್ತು.

ಆ ಮಾತಿಗಾಗಿಯೇ ಒಬ್ಬಳು ಪ್ರತಿ ತಿಂಗಳೂ ಬರುತ್ತಿದ್ದುದನ್ನು ನಾನು ತಡವಾಗಿ ಗಮನಿಸಿದೆ. ಸಂತೆಯಲ್ಲಿ ಪೊರಕೆ ಮಾರುತ್ತಿದ್ದ, ನಲವತ್ತೈದರ ಆಸುಪಾಸಿನ ಕೇರಿಯ ಹೆಂಗಸು. ಒಳಗೆ ಬರುತ್ತಿರಲಿಲ್ಲ. ಬಾಗಿಲ ಹೊರಗಿನ ಮೆಟ್ಟಿಲ ಮೇಲೆ, ಮಾರದೆ ಉಳಿದ ಪೊರಕೆಗಳ ಪಕ್ಕ ಕೂತು ಕೇಳುತ್ತಿದ್ದಳು. ಒಮ್ಮೆ ನಾನು, “ಒಳಗೆ ಬಾಮ್ಮ, ಯಾರ ಅಪ್ಪಣೆಯೂ ಬೇಕಿಲ್ಲ” ಎಂದೆ.

“ಒಳಿಕೆ ಬರಕ್ಕಲ್ಲ ಕಣಪ್ಪ ನಾ ಬರಾದು. ನಮ್ಮಪ್ಪನ್ನ ಇವತ್ತಾದ್ರೂ ಕಳ್ಳ ಅನ್ನದ್ ಬುಟ್ಟಾರಾ ಅಂತ ಕೇಳಕ್ ಬತ್ತೀನಿ” ಎಂದಳು.

ಹಗೇವಿನಲ್ಲಿ ಸತ್ತವನು ಅವಳ ಅಪ್ಪ. ಹಗೇವು ಮೇಷ್ಟ್ರ ಮನೆಯದು. ಬಚ್ಚಿಟ್ಟ ರಾಗಿ ತೆಗೆಯಲು ಆ ಮನೆಯವರೇ ಅವನನ್ನು ಕರೆಸಿದ್ದರೆಂದು ಅವಳು ಹೇಳಿದಳು. ಅವಳಿಗೆ ಆಗ ಎಂಟು ವರ್ಷ. ಅಂದಿನಿಂದ ಅವಳು ಕಳ್ಳನ ಮಗಳು. ಕಣದಲ್ಲಿ ಕೆಲಸಕ್ಕೆ ಕರೆದವರು ಹೊರಡುವಾಗ ಅವಳ ಮಡಿಲು ಕೊಡವಿಸಿ ನೋಡುತ್ತಿದ್ದರು. ಮದುವೆಯ ಮಾತು ಎರಡು ಸಲ ಅದೇ ಕಾರಣಕ್ಕೆ ಮುರಿದಿತ್ತು.

ನಾನು ಅಂದೇ ಮೇಷ್ಟ್ರನ್ನು ಹಿಡಿದು ನಿಲ್ಲಿಸಿದೆ. ಬಿಟ್ಟಿ ದುಡಿಮೆ, ಜಾತಿಯ ದರ್ಪ, ಬಚ್ಚಿಟ್ಟ ಧಾನ್ಯ, ಸುಳ್ಳು ದಾಖಲೆ, ಅದೆಲ್ಲದರ ಮೇಲೆ ವಿದ್ಯಾವಂತರ ಮೌನ. ಒಂದೊಂದನ್ನೂ ಹೆಸರಿಸಿ ಕೇಳಿದೆ. ಅವುಗಳಲ್ಲಿ ಒಂದನ್ನೂ ನಾನು ಇಂದಿಗೂ ಹಿಂತೆಗೆದುಕೊಳ್ಳುವುದಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. “ಮುಂದಿನ ತಿಂಗಳು ಬಾರಯ್ಯ” ಎಂದಷ್ಟೇ ಹೇಳಿದರು.

ಮುಂದಿನ ತಿಂಗಳು ಅವರು ಸೀರೆಯ ತುಂಡನ್ನೂ ಮುಟ್ಟಲಿಲ್ಲ, ಬಸ್ಸಿನ ಕಥೆಯನ್ನೂ ಹೇಳಲಿಲ್ಲ. ಮೊದಲಿಗೇ ದೀಪ ಎತ್ತಿಕೊಂಡರು. ಮುಂದಿನ ಸಾಲಿನಲ್ಲಿ ಅವರ ಅಣ್ಣ, ಅಣ್ಣನ ಮಕ್ಕಳು ಕೂತಿದ್ದರು. ಲೆವಿ ಅಧಿಕಾರಿಗಳು ಗುಮಟಾಪುರದವರೆಗೆ ಬಂದಿದ್ದಾರೆಂಬ ಸುದ್ದಿ ಬಂದ ಬೆಳಿಗ್ಗೆ, ಲೆಕ್ಕಕ್ಕೆ ತೋರಿಸದ ರಾಗಿಯನ್ನು ಬೇರೆಡೆಗೆ ಸಾಗಿಸಲು ಹಗೇವಿನ ಬಾಯಿ ತೆಗೆಸಿದರಂತೆ. ಮೇಷ್ಟ್ರ ಅಪ್ಪ ಗಾಡಿ ಹೂಡಿಸುತ್ತಿದ್ದರಂತೆ. ಇಪ್ಪತ್ತರ ಹರೆಯದ ಮೇಷ್ಟ್ರು, ಒಳಗೆ ಇಳಿಯಬೇಕಿದ್ದ ಆಳಿನ ಜೊತೆ ಹಗೇವಿನ ಬಾಯಿಯ ಬಳಿ ನಿಂತಿದ್ದರಂತೆ.

“ಆತ ಏನಂದ ಗೊತ್ತಾ? ‘ಅಗೇವು ಇನ್ನೂ ಉಸ್ರಾಡಿಲ್ಲ ಬುದ್ದಿ, ದೀಪ ಬುಟ್ಟು ನೋಡಾನ’ ಅಂದ. ನಾನು, ‘ದೀಪ ಗೀಪ ಅಂತ ಕೂತ್ಗಂಡ್ರೆ ಅವ್ರು ಬಂದ್ಬುಡ್ತಾರೆ, ಇಳ್ಯಲಾ’ ಅಂದೆ. ಈ ದೀಪ ಬಾಗಿಲ ಪಕ್ಕದ ಗೂಟದಲ್ಲೇ ನೇತಾಡ್ತಿತ್ತು.”

ಆಮೇಲೆ ಸತ್ತವನ ಹೆಸರು ಹೇಳಿದರು. ಅವನು ಕಳ್ಳನಲ್ಲವೆಂದೂ, ಆ ಸುಳ್ಳನ್ನು ಬರೆಸಿದವರು ತಮ್ಮ ತಂದೆಯೆಂದೂ, ತಾವು ಪಕ್ಕದಲ್ಲೇ ಇದ್ದು ಸುಮ್ಮನಿದ್ದುದಾಗಿಯೂ ಹೇಳಿದರು. ಹೆಸರು ಕೇಳಿದೊಡನೆ ಮೆಟ್ಟಿಲ ಮೇಲಿದ್ದವಳು ಎದ್ದು ನಿಂತಳು. ಅಣ್ಣನೂ ಎದ್ದರು. “ಅಪ್ಪನ ಮಾನ ಸಂತೇಲಿ ಮಾರ್ದಲ್ಲೋ” ಎಂದು ಹೊರನಡೆದರು. ವಾರದೊಳಗೆ ಗೋದಾಮಿಗೆ ಬೀಗ ಬಿತ್ತು. ಮೇಷ್ಟ್ರ ಉಪನ್ಯಾಸಗಳು ಅಲ್ಲಿಗೆ ನಿಂತವು.

ನಾನು ಆ ಉಪನ್ಯಾಸದ ಟಿಪ್ಪಣಿಗಳಿಂದ ಒಂದು ಕರಪತ್ರ ಬರೆದು ಸತ್ಯಮಂಗಲದಲ್ಲಿ ಅಚ್ಚು ಹಾಕಿಸಿ ತಂದೆ. ಎಲ್ಲ ಅನ್ಯಾಯಗಳೂ ಅದರಲ್ಲಿದ್ದವು. ಮೇಷ್ಟ್ರ ಹೆಸರಿತ್ತು, ಅವರ ತಂದೆಯದಿತ್ತು, ಮನೆತನದ್ದಿತ್ತು. ಸಂತೆಯಲ್ಲಿ ಅವಳ ಪೊರಕೆಗಳ ಮುಂದೆ ಕೂತು ಗಟ್ಟಿಯಾಗಿ ಓದಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು.

“ಎಲ್ಲಾರ ಎಸ್ರೂ ಅದ. ನಮ್ಮಪ್ಪನ್ ಎಸ್ರು ಎಲ್ಲಪ್ಪ?”

ನಾನು ಹಾಳೆ ತಿರುಗಿಸಿ ನೋಡಿದೆ. ‘ಒಬ್ಬ ಬಡ ದಲಿತ ಕೂಲಿಕಾರ’ ಎಂದಿತ್ತು. ಮೇಷ್ಟ್ರು ಆ ಹೆಸರನ್ನು ಹೇಳಿದಾಗ ನಾನು ತಪ್ಪಿತಸ್ಥರ ಪಟ್ಟಿ ಬರೆದುಕೊಳ್ಳುತ್ತಿದ್ದೆ...

ಯಾರು ಸುದ್ದಿ ಮುಟ್ಟಿಸಿದರೋ ತಿಳಿಯದು, ಸ್ವಲ್ಪ ಹೊತ್ತಿಗೆ ಮೇಷ್ಟ್ರೇ ಬಂದರು. ತಮ್ಮನ್ನು ಖಂಡಿಸಿದ್ದ ಆ ಕರಪತ್ರವನ್ನು ನಿಂತಲ್ಲೇ ಓದಿದರು. “ಸರಿಯಾಗೇ ಬರೆದಿದ್ದೀಯ” ಎಂದರು. ಕಟ್ಟನ್ನು ನನ್ನಿಂದ ತೆಗೆದುಕೊಂಡು, ಬೀಗ ಬಿದ್ದ ಗೋದಾಮಿನ ಮೆಟ್ಟಿಲ ಮೇಲೆ ಕೂತು, ಜೇಬಿನ ಪೆನ್ನು ತೆಗೆದರು. ‘ಒಬ್ಬ ಬಡ ದಲಿತ ಕೂಲಿಕಾರ’ ಎಂಬಲ್ಲಿ ಗೆರೆ ಎಳೆದು, ಮೇಲೆ ಆ ಹೆಸರನ್ನು ಬರೆಯತೊಡಗಿದರು. ಒಂದಾದ ಮೇಲೊಂದು ಹಾಳೆ. ಅವರು ಬರೆದಿಟ್ಟ ಹಾಳೆಗಳು ಗಾಳಿಗೆ ಹಾರದಂತೆ ಅವಳು ಮೇಲೆ ಪೊರಕೆ ಹೇರಿ ಪಕ್ಕದಲ್ಲಿ ಕೂತಳು.

“ದಪ್ಪಕ್ಕ ಬರೀರಿ ಬುದ್ದಿ. ನಂಗ ಓದಕ್ ಬರಾಕಿಲ್ಲ, ಕಂಡ್ರಾದ್ರೂ ಸಾಕು.”

“ದಪ್ಪಕ್ಕೆ ಬರದ್ರೆ ಮಸಿ ಬೇಗ ಮುಗೀತದಲ್ಲವ್ವ.”

“ಮುಗುದ್ರ ಮುಗೀಲಿ. ಮಸಿಗೂವಿ ಲೆವಿ ಅದಾ?”

ಮೇಷ್ಟ್ರು ನಕ್ಕರು. ಆಮೇಲೆ ಪೆನ್ನು ನಿಂತಿತು. “ತಪ್ಪಾಯ್ತು...” ಎಂದು ಶುರುಮಾಡಿದರು.

“ಅದೆಲ್ಲ ಯೋಳ್ಬ್ಯಾಡಿ. ಬರೀರಿ” ಎಂದಳು ಅವಳು.

ಸಂತೆ ಕರಗುವ ಹೊತ್ತಿಗೆ ಕಟ್ಟು ಮುಗಿಯಿತು. ಅವಳು ಒಂದು ಹಾಳೆಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಕ್ಷಮಿಸಿದೆನೆಂದು ಅವಳು ಎಂದೂ ಹೇಳಲಿಲ್ಲ. ಅಂತಹ ಮಾತನ್ನು ಅವಳಿಂದ ನಿರೀಕ್ಷಿಸುವ ಹಕ್ಕು ಮೇಷ್ಟ್ರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಈಗ ಇಬ್ಬರೂ ಇಲ್ಲ. ಗೋದಾಮು ಉರುಳಿದೆ. ದೀಪ ಹಳೆ ಕಬ್ಬಿಣದವರ ಪಾಲಾಯಿತೆಂದು ಕೇಳಿದೆ. ನನ್ನ ಬಳಿ ಒಂದೇ ಒಂದು ಕರಪತ್ರ ಉಳಿದಿದೆ. ನಾನು ಅಚ್ಚು ಹಾಕಿಸಿದ ಆರೋಪಗಳು ಇನ್ನೂ ಕಪ್ಪಗೆ, ಸ್ಪಷ್ಟವಾಗಿವೆ. ಮೇಷ್ಟ್ರು ಬರೆದ ಹೆಸರಿನ ಮಸಿ ಮಾತ್ರ ತೆಳುಹಳದಿಯಾಗಿ, ಬೆಳಕಿಗೆ ಹಿಡಿಯದೆ ಕಾಣದಂತಾಗಿದೆ. ಈ ಬರಹದಲ್ಲಿ ಇದುವರೆಗೆ ನಾನು ಯಾರ ಹೆಸರನ್ನೂ ಬರೆದಿಲ್ಲ. ಅಂದು ಒಂದು ಹೆಸರನ್ನು ಬಿಟ್ಟು ಉಳಿದವೆಲ್ಲವನ್ನೂ ಬರೆದಿದ್ದೆ.

ಕಳೆದ ತಿಂಗಳು ದೊಡ್ಡಗಾಜನೂರಿನ ಆ ಹಗೇವಿನ ಬಳಿ ನಾನು ಹುಡುಗರಿಗೆ, ಫೋನಿನ ಬೆಳಕು ಕೆಟ್ಟ ಗಾಳಿಯಲ್ಲೂ ಉರಿಯುತ್ತದೆ, ಅದನ್ನು ನಂಬಬೇಡಿ ಎಂದೆ. ಪಕ್ಕದ ಮನೆಯಿಂದ ಎಣ್ಣೆ ದೀಪ ತರಿಸಿ, ಡಬ್ಬಿಯಲ್ಲಿಟ್ಟು ಹಗ್ಗ ಕಟ್ಟಿ ಇಳಿಸಿದೆವು. ಆಳೆತ್ತರವೂ ಇಳಿದಿರಲಿಲ್ಲ, ಆರಿತು. ಲುಂಗಿ ಕಟ್ಟಿದ್ದವನು ಎರಡು ಹೆಜ್ಜೆ ಹಿಂದೆ ಸರಿದ.

“ಇದ ನಿಮ್ಗ ಯಾರ್ ಏಳ್ಕೊಟ್ರು ತಾತ?” ಎಂದು ಕೇಳಿದ.

ಮೇಷ್ಟ್ರು ಎನ್ನಲು ಬಾಯಿ ತೆರೆದೆ. ಆದರೆ ಮೇಷ್ಟ್ರಿಗಿಂತ ಮೊದಲು ಅದನ್ನು ಹೇಳಿದವನೊಬ್ಬನಿದ್ದ.

“ಕೆಂಪಸಿದ್ದ” ಎಂದೆ.