ಚಪ್ಪಾಳೆ ಬಿದ್ದ ಬೆಂಕಿ

ಹೊನ್ನಾವರದಲ್ಲಿ ಅಂದು ಸಂಜೆ ನಮ್ಮ ಹೆಂಗಸರ ಯಕ್ಷಗಾನ ಮೇಳದ ಆಟವಿತ್ತು. ಹೆಂಡತಿಯ ಶೀಲವನ್ನು ಅನುಮಾನಿಸಿ, ಬೆಂಕಿ ಹಾಯ್ದು ಬಾ ಎನ್ನುವ ರಾಜನ ವೇಷ ನನ್ನದು. ರಾಣಿಯಾಗಿದ್ದವಳು ಕಾಲೇಜಿನಿಂದಲೂ ನನ್ನ ಗೆಳತಿ, ಈಗ ಕುಮಟೆಯಲ್ಲಿ ಬ್ಯಾಂಕ್ ನೌಕರಿ. ರಂಗದ ಎರಡೂ ಬದಿ ದೊಂದಿ ಹಿಡಿದು, ರಾಳದ ಪುಡಿ ಎರಚಿ ಉರಿ ಎಬ್ಬಿಸಿದ್ದರು. ಅವಳು ನಡುವೆ ಕುಣಿಯುತ್ತ ಬಂದಾಗ ಸೆರಗಿಗೆ ಕಿಡಿ ಹಾರಿತು.

"ಬೆಂಕಿ! ಸೆರಗಿಗೆ ಬೆಂಕಿ!" ಎಂದು ಕೂಗಿದೆ. ಜನ ಅದನ್ನು ರಾಜನ ಮಾತೆಂದುಕೊಂಡು ಚಪ್ಪಾಳೆ ತಟ್ಟಿದರು. ಭಾಗವತರು ಪದ ನಿಲ್ಲಿಸಲಿಲ್ಲ. ಅವಳೂ ಹೆಜ್ಜೆ ನಿಲ್ಲಿಸಲಿಲ್ಲ. ಉರಿ ತೋಳಿಗೇರಿದಾಗ ನಾನು ಪಕ್ಕದಲ್ಲಿದ್ದ ಪರದೆ ಎಳೆದು ಅವಳಿಗೆ ಸುತ್ತಿ ನೆಲಕ್ಕೆ ಕೆಡವಿದೆ. ಚಪ್ಪಾಳೆ ಆಗಲೂ ಬೀಳುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ನನಗೆ ಮೊದಲು ಕೇಳುವುದು ಅದೇ.

ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು. "ನಾ ಕೂಗಿದ್ದು ಕೇಳ್ಲಿಲ್ವೇನೇ?" ಎಂದೆ.

"ಕೇಳ್ತು ಮಾರಾಯ್ತಿ. ಬಿಸಿಯೂ ತಾಗ್ತಿತ್ತು. ಪತಿವ್ರತೆ ಬೆಂಕಿ ಕಂಡು ಓಡಿದ್ರೆ ಜನ ಎಂತ ಹೇಳ್ತಿದ್ರು?" ಎಂದಳು. ನನ್ನ ಮುಖ ನೋಡಿ ಸೇರಿಸಿದಳು: "ಒಳ್ಳೇ ಗಂಡ ನೀನು! ಬೆಂಕಿಗೂ ನೀನೇ ನೂಕ್ದೆ, ಆರ್ಸ್ದವನೂ ನೀನೇ."

ನನಗೆ ನಗು ಬರಲಿಲ್ಲ. ಮುಂದಿನ ತಿಂಗಳು ಭಟ್ಕಳದಲ್ಲಿ ಅದೇ ಪ್ರಸಂಗ. ಅದೇ ವೇಷ ಮಾಡಲು ಅವಳು ಆಗಲೇ ಒಪ್ಪಿದ್ದಾಳೆ, ದೊಂದಿಯೂ ಇರಲಿ ಎಂದಿದ್ದಾಳೆ. ಅಭ್ಯಾಸದಲ್ಲಿ ಎಲ್ಲ ಮಾತೂ ಸರಾಗ ಬರುತ್ತದೆ. ಬೆಂಕಿ ಹಾಯ್ದು ಬಾ ಎನ್ನಬೇಕಾದಲ್ಲಿ ಮಾತ್ರ ಬಾಯಿ ತೆರೆದು ನಿಲ್ಲುತ್ತೇನೆ, ಸ್ವರ ಹೊರಡುವುದಿಲ್ಲ. ಎದುರಿಗೆ ನಿಂತ ಅವಳು, "ಹೇಳೇ, ಎಂತಕ್ಕೆ ನಿಲ್ಸ್ದೆ?" ಎನ್ನುತ್ತಾಳೆ.