ಗಾಳಿಯಮ್ಮನ ಸರದಿ

ಹಾಲು ಕಾಯಿಸಬೇಕು, ರಾತ್ರಿಯ ಪಾತ್ರೆ ತೊಳೆದು ಬೋರಲು ಹಾಕಬೇಕು, ಮಗಳ ಸಮವಸ್ತ್ರಕ್ಕೆ ಇಸ್ತ್ರಿ, ಅತ್ತೆಯ ಮಾತ್ರೆ, ಗಂಡನ ಅಂಗಿಗೆ ಬಿಟ್ಟುಹೋದ ಗುಂಡಿ. ಇದರ ನಡುವೆ ಒದ್ದೆ ಕೈ ಒರೆಸಿಕೊಂಡು ಮೊಬೈಲು ತೆರೆದು, ಆಸ್ಪತ್ರೆಯ ವೈಫೈ ಎಲ್ಲ ವಾರ್ಡಿನಲ್ಲೂ ಸರಿಯಾಗಿದೆಯೇ ಎಂದು ನೋಡಬೇಕು. ಬೆಳಕು ಹರಿಯುವ ಮೊದಲೇ ಅವಳ ಒಂದು ಪಾಳಿ ಮುಗಿದಿರುತ್ತದೆ. ಆ ಪಾಳಿಗೆ ಹಾಜರಿ ಹಾಕುವವರು ಯಾರೂ ಇಲ್ಲ.

ಆಸ್ಪತ್ರೆಯಲ್ಲಿ ನರ್ಸುಗಳು ಅವಳನ್ನು ಗಾಳಿಯಮ್ಮ ಎನ್ನುತ್ತಾರೆ. ತಂತಿಯಿಲ್ಲದೆ ಓಡಾಡುವುದೆಲ್ಲ ಅವಳ ಉಸ್ತುವಾರಿ. ಹೃದಯದ ಬಡಿತ ತೋರಿಸುವ ಯಂತ್ರ, ನರ್ಸುಗಳ ಫೋನು, ಔಷಧ ಕೊಡುವ ಕೋಣೆಯ ಸ್ಕ್ಯಾನರು, ರೋಗಿಯ ಪಕ್ಕ ಕೂತವರು ನೋಡುವ ಸಿನಿಮಾ, ಎಲ್ಲಕ್ಕೂ ಇರುವುದು ಒಂದೇ ಗಾಳಿ. ಒಂದು ಮಾತಾಡುವಾಗ ಉಳಿದವು ಕಾಯಬೇಕು. ಯಾವುದು ಮೊದಲು, ಯಾವುದು ಕಾಯಬಹುದು ಎಂದು ಸಾಲು ಮಾಡುವುದು ಅವಳ ಕೆಲಸ. ತೀರಾ ಕೊನೆಯ ಸಾಲಿಗೆ ಅವಳೇ ಇಟ್ಟ ಹೆಸರು 'ಆಮೇಲೆ ನೋಡೋಣ'. ಒಮ್ಮೆ ಒಂದು ವಾರ್ಡಿನ ಫೋನುಗಳೆಲ್ಲ ತೊದಲತೊಡಗಿದವು. ಎಲ್ಲರೂ ಸಿನಿಮಾ ನೋಡುವವರನ್ನು ಬೈದರು. ಅವಳು ಹುಡುಕಿದರೆ, ಮೂಲೆಯಲ್ಲೊಂದು ಹಳೇ ಸ್ಕ್ಯಾನರು ದೂರದಿಂದ ಒಂದೊಂದೇ ಅಕ್ಷರ ಎಳೆಯುತ್ತಿತ್ತು, ಮೈಕು ಬಿಡದ ಮುದುಕರ ಹಾಗೆ. ಅದನ್ನೆತ್ತಿ ವೈಫೈ ಪೆಟ್ಟಿಗೆಯ ಹತ್ತಿರ ತಂದಿಟ್ಟಳು, ಅಷ್ಟೆ. ವಾರ್ಡು ಸರಿಹೋಯಿತು.

ಅವಳ ವಿಭಾಗದ ಮುಖ್ಯಸ್ಥರು ನಿವೃತ್ತರಾಗಿ ಆ ಕುರ್ಚಿ ಖಾಲಿಯಾಗಿತ್ತು. ಇವತ್ತು ಅದಕ್ಕೆ ಸಂದರ್ಶನ, ವಿಡಿಯೋದಲ್ಲಿ. ಆಸ್ಪತ್ರೆಯ ಕೋಣೆಯಲ್ಲಿ ಅವಳ ಪಕ್ಕದ ಮೇಜಿನವನೂ ಅದೇ ಕುರ್ಚಿಗೆ ಅರ್ಜಿ ಹಾಕಿದ್ದ. ಅವನ ಕಿವಿಯ ಬುಡದಲ್ಲಿ ಕೂತು ಉತ್ತರ ಹೇಳುವುದು ಹೇಗೆ? ಮನೆಯೇ ವಾಸಿ ಎಂದುಕೊಂಡಳು.

ಕೋಣೆಯಲ್ಲಿ ಲ್ಯಾಪ್‌ಟಾಪು ತೆರೆದು ಕೂತರೆ, ಎರಡನೇ ಪ್ರಶ್ನೆಗೇ ಪರದೆ ನಿಂತುಹೋಯಿತು. ಅರ್ಧ ತೆರೆದ ಬಾಯಿಯ ತನ್ನದೇ ಮುಖ ಅವಳನ್ನು ದಿಟ್ಟಿಸುತ್ತಿತ್ತು. ಮತ್ತೆ ಸಂಪರ್ಕ ಸಿಕ್ಕಾಗ ಆ ಕಡೆ ಯಾರೋ ನಗುತ್ತಿದ್ದರು.

"ನಿಮ್ಮನೆ ವೈಫೈನೇ ನಿಮ್ಮ ಮಾತು ಕೇಳಲ್ವಲ್ಲ ಮೇಡಂ," ಎಂದರು ಹಿರಿಯರೊಬ್ಬರು. "ಇನ್ನೊಬ್ಬರದ್ದು ಮುಗಿಸಿ ಕರೀತೀವಿ. ಆಗಲೂ ಹೀಗಾದ್ರೆ ನಾವೇನು ತಿಳ್ಕೋಬೇಕು, ನೀವೇ ಹೇಳಿ."

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಡುಗೆಮನೆಗೆ ಹೋದಳು, ಸುಮ್ಮನೆ ಒಲೆ ಒರೆಸಿದಳು, ಹೊರಗೆ ಬಂದಳು. ಹೊಸ ಗುಂಡಿಯ ಅಂಗಿ ಮೊಳೆಗೆ ನೇತುಬಿದ್ದಿತ್ತು. ಗಂಡ ತಲೆನೋವೆಂದು ರಜೆ ಹಾಕಿ, ಗೋಡೆಯಗಲದ ಟಿವಿಯಲ್ಲಿ ನೆಟ್ ಮೂಲಕ ಪಂದ್ಯ ನೋಡುತ್ತಿದ್ದ. ಸ್ವಲ್ಪ ಹೊತ್ತು ನಿಲ್ಲಿಸುತ್ತೀರಾ ಎಂದು ಕೇಳಿದಳು.

"ಫೈನಲ್ ಕಣೇ ಇದು," ಎಂದ ಅವನು, ಕಣ್ಣು ತೆಗೆಯದೆ. "ನೀನು ಮೆಟ್ಟಿಲ ಮೇಲೆ ಕೂತು ಮೊಬೈಲಲ್ಲೇ ಮಾತಾಡ್ಬಿಡು. ಅಲ್ಲಿ ಸಿಗ್ನಲ್ ಚೆನ್ನಾಗಿರತ್ತೆ."

ಹಿಂದಿನ ಕೋಣೆಯಲ್ಲಿ, ಎರಡು ಗೋಡೆಗಳಾಚೆ, ಅತ್ತೆ ಹಳೇ ಟ್ಯಾಬ್ಲೆಟ್ಟಿನಲ್ಲಿ ಹಾಸಿಗೆ ಹಿಡಿದ ತಂಗಿಯ ಜೊತೆ ಮಾತಾಡುತ್ತಿದ್ದರು. ಅದನ್ನು ನೋಡಿದ್ದೇ ಅವಳಿಗೆ ವಾರ್ಡಿನ ಸ್ಕ್ಯಾನರು ನೆನಪಾಯಿತು. ಆಫ್ ಮಾಡಿಬಿಡಲೇ? ಆ ತಂಗಿಗೆ ದಿನಕ್ಕೆ ಇದೊಂದೇ ಮಾತು. ಅವಳು ಕುರ್ಚಿ ಎತ್ತಿ, ಮನೆಯ ವೈಫೈ ಪೆಟ್ಟಿಗೆಯ ಹತ್ತಿರ, ನಡುಮನೆಯ ಬಾಗಿಲಲ್ಲಿ ಹಾಕಿದಳು.

"ಅತ್ತೆ, ಇಲ್ಲಿ ಕೂತು ಮಾತಾಡಿ. ನಿಮಗೂ ಚೆನ್ನಾಗಿ ಕೇಳ್ಸತ್ತೆ, ನನಗೂ ದಾರಿ ಬಿಡತ್ತೆ."

"ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ನಿನ್ನ ನೋಡೇ ಹೇಳಿರ್ಬೇಕು ಕಣಮ್ಮ," ಎನ್ನುತ್ತಲೇ ಅತ್ತೆ ಎದ್ದು ಬಂದರು. ಕೂತವರೇ ತಂಗಿಗೆ, ನಿನ್ನ ಮುಖ ಈಗ ನೆಟ್ಟಗೆ ಕಾಣ್ತಿದೆ, ಯಾಕೆ ಹಿಂಗೆ ಸೊರಗಿದ್ದೀಯ ಎಂದರು.

ಕೋಣೆಗೆ ಮರಳಿ ಅವಳು ಮನೆಯ ವೈಫೈ ಪೆಟ್ಟಿಗೆಯ ಸೆಟ್ಟಿಂಗ್ ತೆರೆದಳು. ಪೆಟ್ಟಿಗೆ ಬಂದ ದಿನ ಯಾವುದು ಮೊದಲು ಎಂದು ತಾನೇ ಸಾಲು ಮಾಡಿದ ಮೇಲೆ ಅದನ್ನು ಮತ್ತೆ ನೋಡಿರಲಿಲ್ಲ. ಮೊದಲ ಸಾಲಿನಲ್ಲಿ ಟಿವಿ. ಆಮೇಲೆ ಗಂಡನ ಫೋನು, ಮಗಳದು, ಅತ್ತೆಯ ಟ್ಯಾಬ್ಲೆಟ್ಟು. ಎಲ್ಲದರ ಕೆಳಗೆ, ತೀರಾ ಕೊನೆಯ ಸಾಲಿನಲ್ಲಿ, ಅವಳ ಲ್ಯಾಪ್‌ಟಾಪು. ಯಾರೂ ಹಾಗೆ ಮಾಡು ಅಂದಿರಲಿಲ್ಲ. ಗಂಡ ಟಿವಿ ತಡವರಿಸಬಾರದು ಎಂದಿದ್ದ, ಅಷ್ಟೆ. ತಟ್ಟೆ ಹಾಕುವಾಗ ತನ್ನದನ್ನು ಕೊನೆಗೆ ಇಡುವ ಕೈಯೇ ಇಲ್ಲೂ ಇಟ್ಟಿತ್ತು. ಆಸ್ಪತ್ರೆಯಲ್ಲಿ ಯಾರಾದರೂ ಹೀಗೆ ಸಾಲು ಮಾಡಿದ್ದರೆ ಅವಳು ಕೂರಿಸಿ ಬೈಯುತ್ತಿದ್ದಳು.

ಲ್ಯಾಪ್‌ಟಾಪನ್ನು ಮೊದಲ ಸಾಲಿಗೆ ತಂದಳು. ಅದರ ಪಕ್ಕದಲ್ಲೇ ಅತ್ತೆಯ ಟ್ಯಾಬ್ಲೆಟ್ಟನ್ನು ಇಟ್ಟಳು. ಟಿವಿಯನ್ನು ಎಳೆದು 'ಆಮೇಲೆ ನೋಡೋಣ' ಸಾಲಿಗೆ ಬಿಟ್ಟಳು. ಉಳಿಸು ಎಂದು ಒತ್ತಿದರೆ ಪೆಟ್ಟಿಗೆ ಒಮ್ಮೆ ಆರಿ ಹತ್ತುತ್ತದೆ. ಅಷ್ಟು ಹೊತ್ತು ಮನೆಯಲ್ಲಿ ಯಾರಿಗೂ ನೆಟ್ ಇರುವುದಿಲ್ಲ. ಆಮೇಲೂ ಫೈನಲ್ ತಡವರಿಸುತ್ತದೆ. ಸಂಜೆಯವರೆಗೂ ಗಂಡನ ಗೊಣಗು ಕೇಳಬೇಕಾಗುತ್ತದೆ. ಮೆಟ್ಟಿಲಂತೂ ಖಾಲಿಯೇ ಇದೆ. ಬೆರಳು ಗುಂಡಿಯ ಮೇಲೆ ನಿಂತಿತು, ಹಿಂದೆ ಸರಿಯಿತು, ಮತ್ತೆ ಬಂತು.

ಒತ್ತಿದಳು.

"ಏ, ನೆಟ್ ಹೋಯ್ತು ನೋಡೇ," ಎಂಬ ದನಿ ಹೊರಗಿನಿಂದ ಬಂತು. 'ಬಂದೆ' ಎನ್ನುವುದು ರೂಢಿಯಂತೆ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿ, ಎದ್ದು ಹೋಗಿ ಬಾಗಿಲ ಚಿಲಕ ಹಾಕಿದಳು.