ಇಪ್ಪತ್ತರ ಮೇಲೊಂದು

ಮಿಕಾಯೆಲಾಳ ಎಡಗೈಯಲ್ಲಿ ಆರು ಬೆರಳು. ಊರೆಲ್ಲ ಅವಳತ್ತ ಬೆರಳು ತೋರಿಸಿದರೆ, ತಿರುಗಿ ತೋರಿಸಲು ಅವಳ ಬಳಿ ಒಂದು ಹೆಚ್ಚಿಗೇ ಇತ್ತು. ಅದನ್ನು ಧಾರಾಳವಾಗಿಯೇ ಬಳಸಿದಳು.

ಆ ಬೆಟ್ಟದೂರಿನ ಕೀಚೆ ಮಾತಿನಲ್ಲಿ ಇಪ್ಪತ್ತಕ್ಕೆ ‘ಹುವಿನಾಕ್’, ಅಂದರೆ ಒಬ್ಬ ಮನುಷ್ಯ. ಕೈಕಾಲಿನ ಬೆರಳು ಮುಗಿದಲ್ಲಿಗೆ ಮನುಷ್ಯ ಭರ್ತಿ. ಹಿಂದಿನವರು ಅಂಕಿಗಳನ್ನು ಒಂದರ ಮೇಲೊಂದು ಬರೆಯುತ್ತಿದ್ದರು: ಕೆಳಗಿನ ಚುಕ್ಕೆಗೆ ಒಂದರ ಬೆಲೆ, ಇಪ್ಪತ್ತಾದರೆ ಎಣಿಕೆ ಮೇಲಿನ ಮಾಳಿಗೆ ಹತ್ತುತ್ತದೆ, ಅಲ್ಲಿಟ್ಟ ಒಂದು ಚುಕ್ಕೆಗೆ ಇಪ್ಪತ್ತರ ಬೆಲೆ. ಮಿಕಾಯೆಲಾ ಮಾತ್ರ ಭರ್ತಿಯಾಗಿ ತುಳುಕಿದವಳು. ಓರಗೆಯವರು ‘ಇಪ್ಪತ್ತೊಂದು’ ಎಂದೇ ಕರೆದರು. ಶಾಲೆಯಲ್ಲಿ ಬೆರಳು ಮಡಿಸಿ ಕೂಡಿದರೆ ಉತ್ತರದಲ್ಲಿ ಒಂದು ಹೆಚ್ಚಾಗುತ್ತಿತ್ತು, ಮೇಷ್ಟ್ರ ಬೆತ್ತ ಆ ಹೆಚ್ಚಿನ ಬೆರಳನ್ನೇ ಹುಡುಕಿಕೊಂಡು ಬರುತ್ತಿತ್ತು. ಸಂತೆಯಲ್ಲಿ ಪೀಚ್ ಹಣ್ಣು ಮಾರುವುದು ‘ಕೈ’ ಲೆಕ್ಕದಲ್ಲಿ, ಕೈಗೆ ಐದು. ಗಿರಾಕಿಗಳು ಹಲ್ಲು ಕಿರಿದು, ನಿನ್ನ ಎಡಗೈ ಲೆಕ್ಕದಲ್ಲೇ ಕೊಡಮ್ಮ ಎನ್ನುತ್ತಿದ್ದರು. ಅವಳು ಹಣ್ಣಿನ ಬದಲು ಬೈಗುಳ ಕೊಡುತ್ತಿದ್ದಳು, ಅದನ್ನು ಮಾತ್ರ ಎಡಗೈ ಲೆಕ್ಕದಲ್ಲೇ.

ಮಗಳು ಎಲ್ವಿರಾ ಹೆತ್ತ ದಿನ, ಸೂಲಗಿತ್ತಿ ಪೆತ್ರೋನಾ ಕೂಸಿನ ಬೆರಳುಗಳನ್ನು ಮುಟ್ಟಿ ಎಣಿಸುತ್ತ ಬಂದಳು. ಹುವಿನಾಕ್ ಎಂದ ಮೇಲೂ ಎಡಗೈಯಲ್ಲಿ ಒಂದು ಉಳಿಯಿತು. ಎಳೆಯ ಬೆರಳು, ದಾರ ಬಿಗಿದರೆ ತಾನೇ ಒಣಗಿ ಉದುರುತ್ತದೆ ಎಂದು ಮೆಲ್ಲಗೆ ಹೇಳಿದಳು. ಕಟ್ಟು ಅಂದಳು ಎಲ್ವಿರಾ.

ಮಿಕಾಯೆಲಾಳ ಪಿತ್ತ ನೆತ್ತಿಗೇರಿತು. ಒಲೆಯ ಬೂದಿಯನ್ನು ನೆಲಕ್ಕೆಳೆದು, ಹಿಂದಿನವರ ಅಂಕಿಯಲ್ಲಿ ಇಪ್ಪತ್ತನ್ನು ಬರೆದಳು: ಮೇಲೊಂದು ಚುಕ್ಕೆ, ಕೆಳಗೆ ಏನೂ ಇಲ್ಲ ಎಂಬುದಕ್ಕೆ ಒಂದು ಚಿಪ್ಪು.

“ನೋಡ್ರೇ, ಇದು ನಿಮ್ಮ ಭರ್ತಿ ಮನುಷ್ಯ. ಕೆಳಗಡೆ ಖಾಲಿ ಚಿಪ್ಪು. ತಲೆಕೆಳಗು ಮಾಡಿ ಓದಿ, ಏನುಳೀತು? ಬರೀ ಒಂದು.” ಚಿಪ್ಪನ್ನು ಅಳಿಸಿ ಅಲ್ಲೊಂದು ಚುಕ್ಕೆ ಒತ್ತಿದಳು. “ಇದು ಇಪ್ಪತ್ತೊಂದು. ಮೇಲೂ ಒಂದು, ಕೆಳಗೂ ಒಂದು. ಹೆಂಗ್ ಬೇಕಾದ್ರೂ ತಿರುಗ್ಸಿ, ಇಪ್ಪತ್ತೊಂದೇ.”

ಬೂದಿ ಗುಡಿಸಿದರೆ ಹೋಗುತ್ತದೆ, ಬೆರಳು ಹೋಗುವುದಿಲ್ಲವಲ್ಲ ಎಂದು ಪೆತ್ರೋನಾ ಗೊಣಗಿದಳು.

ಎಲ್ವಿರಾ ಮಲಗಿದಲ್ಲಿಂದಲೇ ಹೇಳಿದಳು: “ನಿಂಗೆ ಬೆರಳೂ ಇತ್ತು, ಬೈಯೋಕೆ ಬಾಯೂ ಇತ್ತು. ನಂಗೆ ಐದೇ ಇದ್ರೂ ಇಪ್ಪತ್ತೊಂದರ ಮಗಳು ಅಂತಾನೇ ಅಂದ್ರು. ನಾನು ಯಾರಿಗೆ ಬೈಲಮ್ಮ? ಕಟ್ಟಿಸ್ತೀನಿ.”

ಮಿಕಾಯೆಲಾ ಪೆತ್ರೋನಾಳ ಕೈಯಿಂದ ದಾರ ಕಿತ್ತು ಮಗಳ ಮಡಿಲಿಗೆಸೆದು ಎಡಗೈ ಚಾಚಿದಳು.

“ಮೊದಲು ನಂದಕ್ಕೆ ಕಟ್ಟು. ನೀನೇ ಕಟ್ಟಬೇಕು.”

ಮಗಳದೂ ಅದೇ ರಕ್ತ. ಹಲ್ಲು ಕಚ್ಚಿ ಬಿಗಿಯಾಗಿಯೇ ಕಟ್ಟಿದಳು. ಬೆರಳು ಕೆಂಪಾಯಿತು, ನೀಲಿಯಾಯಿತು. ಮಿಕಾಯೆಲಾ ಕೈ ಹಿಂತೆಗೆಯಲಿಲ್ಲ, ಮಗಳ ಮುಖದಿಂದ ಕಣ್ಣನ್ನೂ ತೆಗೆಯಲಿಲ್ಲ. ಕೂಸು ಅಳುತ್ತಿತ್ತು, ಅದನ್ನು ಎತ್ತಿಕೊಳ್ಳುವವರಿಲ್ಲ. ಬೆರಳು ಕಪ್ಪಿಡತೊಡಗಿದಾಗ ಎಲ್ವಿರಾ ಆ ಕೈಯನ್ನು ಬಾಯಿಗೆಳೆದುಕೊಂಡು ಗಂಟನ್ನು ಹಲ್ಲಿನಿಂದ ಹರಿದು, ದಾರವನ್ನು ಒಲೆಗೆ ಉಗಿದಳು. ತಾಯಿಯನ್ನು ಕ್ಷಮಿಸಿದಂತೇನೂ ಕಾಣಲಿಲ್ಲ. ಯಾರೂ ಏನೂ ಕಟ್ಟಬೇಡಿ ಎಂದಷ್ಟೇ ಹೇಳಿ, ಕೂಸನ್ನು ಎದೆಗೆಳೆದುಕೊಂಡು ಗೋಡೆಯತ್ತ ತಿರುಗಿದಳು.

ಪೆತ್ರೋನಾ ಬಾಗಿಲಿಗೆ ಹೋಗಿ ಅಂಗಳದಲ್ಲಿ ಕಾಯುತ್ತಿದ್ದ ಬೀಗರಿಗೆ ಸುದ್ದಿ ಹೇಳಿದಳು.

“ಹೆಣ್ಣು. ಒಬ್ಬ ಮನುಷ್ಯ, ಮತ್ತೆ ಒಂದು.”

ಹೊರಗೆ ಯಾರೋ ಕಿಸಕ್ಕೆಂದರು. ಮಿಕಾಯೆಲಾ ಶಾಲು ಬಿಗಿದು, ಬಾತ ಎಡಗೈಯನ್ನು ಮುಂದೆ ಹಿಡಿದುಕೊಂಡು, ಯಾರದು ಈಗ ನಕ್ಕಿದ್ದು ಎಂದು ಕೇಳುತ್ತ ಅಂಗಳಕ್ಕಿಳಿದಳು.